ಕಂದು ಚುಕ್ಕೆಯೆಲ್ಲ ತುಕ್ಕಲ್ಲ

ಮೂರು ತಿಂಗಳ ಸ್ಪೋರ್ಟ್ಸ್ ಕಾರಿನ ಹಿಂಬದಿಯ ಬಂಪರ್ ತುಕ್ಕು ಹಿಡಿಯುತ್ತಿದೆಯೇ ಎಂದು ಕೇಳಿದ್ದೀರಿ. ಬಂಪರ್ ಪ್ಲಾಸ್ಟಿಕ್, ಅದಕ್ಕೆಲ್ಲಿಯ ತುಕ್ಕು? ಆ ಕಂದು ಚುಕ್ಕೆಗಳು ಬಹುಮಟ್ಟಿಗೆ ಬ್ರೇಕ್ ಸವೆದು ಸಿಡಿದ ಕಬ್ಬಿಣದ ಕಣಗಳು. ಕಬ್ಬಿಣದ ಕಣ ಕರಗಿಸುವ ದ್ರಾವಣ, ಐರನ್ ರಿಮೂವರ್, ಸಿಂಪಡಿಸಿ ನೋಡಿ. ನೇರಳೆ ನೀರು ಇಳಿದರೆ ಕರಗುತ್ತಿರುವುದು ಆ ಕಣಗಳೇ, ನಿಶ್ಚಿಂತರಾಗಿ.

ನನಗೆ ಚಿಂತೆಯಾಗಿದ್ದು ನೀವು ಕೊನೆಯಲ್ಲಿ ಹಾಗೇ ಹೇಳಿಬಿಟ್ಟ, ಹಿಂಚಕ್ರದ ಮುಂದಿನ ಕಲ್ಲೇಟು. ಅಗಲವಾದ ಮುಂಚಕ್ರಗಳು ಎಸೆಯುವ ಜಲ್ಲಿ ಬಡಿಯುವುದು ಅಲ್ಲಿಗೇ. ಬಣ್ಣದ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎರಡು ತಲೆಗೂದಲಿನಷ್ಟು ದಪ್ಪ! ಗುಳಿಯ ತಳದಲ್ಲಿ ಮಂಕಾದ ಪ್ರೈಮರ್ (ಬಣ್ಣದಡಿಯ ಪದರ) ಕಂಡರೆ ಸಮಯವಿದೆ. ಲೋಹ ಮಿನುಗಿದರೆ ಈ ವಾರವೇ ಒರೆಸಿ, ಒಣಗಿಸಿ, ಟಚ್‌ಅಪ್ ಬಣ್ಣ ಹಚ್ಚಿ. ತುಕ್ಕಿನ ವಾರಂಟಿಯನ್ನು ನೆಚ್ಚಬೇಡಿ, ಅದು ಸಾಮಾನ್ಯವಾಗಿ ಒಳಗಿನಿಂದ ತೂತು ಬಿದ್ದ ತಗಡಿಗೆ ಮಾತ್ರ.