ಹಲ್ಲಿನ ವಿಮೆಯಲ್ಲಿ ಪಿಪಿಒ ಒಳ್ಳೆಯದೋ, ಡಿಎಚ್‌ಎಂಒ ಒಳ್ಳೆಯದೋ?

ಪಿಪಿಒ (ಪ್ರಿಫರ್ಡ್ ಪ್ರೊವೈಡರ್ ಆರ್ಗನೈಸೇಶನ್) ಮತ್ತು ಡಿಎಚ್‌ಎಂಒ (ಡೆಂಟಲ್ ಹೆಲ್ತ್ ಮೇಂಟೆನೆನ್ಸ್ ಆರ್ಗನೈಸೇಶನ್) ಅಮೆರಿಕದಲ್ಲಿ ಸಿಗುವ ಎರಡು ಬಗೆಯ ಹಲ್ಲಿನ ವಿಮಾ ಯೋಜನೆಗಳು. ಇವುಗಳಲ್ಲಿ ಸಾಮಾನ್ಯವಾಗಿ ಡಿಎಚ್‌ಎಂಒ ಯೋಜನೆಯ ಪ್ರೀಮಿಯಂ ಕಡಿಮೆ. ಆದರೆ ಕಂಪನಿಯ ಪಟ್ಟಿಯಲ್ಲಿರುವ ದಂತವೈದ್ಯರ ಬಳಿಗೇ ಹೋಗಬೇಕು. ಪಿಪಿಒದಲ್ಲಿ ಪಟ್ಟಿಯ ಹೊರಗಿನವರಲ್ಲಿಗೂ ಹೋಗಬಹುದಾದರೂ, ಆಗ ಕೈಯಿಂದ ಕೊಡಬೇಕಾದ ಪಾಲು ಹೆಚ್ಚುತ್ತದೆ. ಬಹಳ ಮಂದಿ ಪ್ರೀಮಿಯಂ ನೋಡಿಯೇ ತೀರ್ಮಾನಿಸುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ವಾರ್ಷಿಕ ಮಿತಿ, ಅಂದರೆ ವಿಮಾ ಕಂಪನಿ ಒಂದು ವರ್ಷದಲ್ಲಿ ಕೊಡುವ ಗರಿಷ್ಠ ಮೊತ್ತ. ಪಿಪಿಒಗಳಲ್ಲಿ ಇದು ಸಾಮಾನ್ಯವಾಗಿ 1,000ದಿಂದ 2,000 ಡಾಲರ್‌ಗಳಷ್ಟಿದ್ದು, ಒಂದೇ ಒಂದು ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವಷ್ಟರಲ್ಲಿ ವರ್ಷದ ಹಣವೆಲ್ಲ ಮುಗಿದುಹೋಗಬಹುದು. ಡಿಎಚ್‌ಎಂಒಗಳಲ್ಲಿ ಸಾಮಾನ್ಯವಾಗಿ ಇಂಥ ಮಿತಿ ಇರುವುದಿಲ್ಲ. ಪ್ರತಿ ಚಿಕಿತ್ಸೆಗೂ ನೀವು ಕೊಡಬೇಕಾದ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಹಲ್ಲು ನೋಯಲು ಶುರುವಾದ ಮೇಲೆ ಪಿಪಿಒ ಕೊಳ್ಳುವವರು, ದೊಡ್ಡ ಚಿಕಿತ್ಸೆಗೆ 6ರಿಂದ 12 ತಿಂಗಳು ಕಾಯಬೇಕೆಂಬ ಷರತ್ತು ಪಾಲಿಸಿಯಲ್ಲಿದೆಯೇ ಎಂದು ಓದಿಕೊಳ್ಳಬೇಕು.