ಅಡಿದಾಸನ ಕಥೆ ನಮಗ್ಯಾಕೆ?

ಮುಳಬಾಗಿಲಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಅಡಿಡಾಸ್, ಪೂಮಾ ಕಂಪನಿಗಳ ಇತಿಹಾಸ ಅಂತ 4 ಪುಟ ಹಾಕಿದ್ದೀರಿ. ಕೋಲಾರದ ಪತ್ರಿಕೆಗೆ ಜರ್ಮನಿಯ ಬೂಟಿನ ಉಸಾಬರಿ ಯಾಕೆ? ಅದೇ ಶೂ ಬೇಕು ಅಂತ ನನ್ನ ಮೊಮ್ಮಗ ಎರಡು ದಿನ ಊಟ ಬಿಟ್ಟ. ಮೂರು ಗೀಟಿಗೆ 7,000 ರೂಪಾಯಿ! ನಾವು ಬರಿಗಾಲಲ್ಲಿ ಓಡಿ ಬಹುಮಾನ ತಂದವರು. ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲೇ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ. ಬ್ರ್ಯಾಂಡ್ ಅನ್ನೋದೆಲ್ಲ ಸುಮ್ನೆ ಕಣ್ಕಟ್ಟು."

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಬೆಲೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. 7,000 ರೂಪಾಯಿ ಸಣ್ಣ ದುಡ್ಡಲ್ಲ. ಜಾಹೀರಾತಿನ ಖರ್ಚನ್ನೂ ಕೊನೆಗೆ ಕೊಳ್ಳುವವನೇ ಕಟ್ಟಬೇಕು. ಇಷ್ಟು ಒಪ್ಪಿಕೊಂಡೆನಲ್ಲ, ಇನ್ನು ನನ್ನ ಸರದಿ.

ಆ ಗೀಟಿನಿಂದಲೇ ಶುರು ಮಾಡೋಣ. ಓಡುವಾಗ ಶೂನ ಚರ್ಮ ಅಕ್ಕಪಕ್ಕಕ್ಕೆ ಹಿಗ್ಗುತ್ತದೆ. ಹಿಗ್ಗದಂತೆ ಬಿಗಿಹಿಡಿಯಲು ಹೊಲಿಯುತ್ತಿದ್ದ ಪಟ್ಟಿ ಅದು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಸುತ್ತಿದ್ದೆವಲ್ಲ, ಹಾಗೆ. ಅಲಂಕಾರ ಆಮೇಲಿನ ಮಾತು. ಮೂರು ಪಟ್ಟಿಯ ಗುರುತು ಮೊದಲು ಫಿನ್‌ಲೆಂಡಿನ ಕಾರ್ಹು ಎಂಬ ಕಂಪನಿಯದಾಗಿತ್ತು. ಒಂದಿಷ್ಟು ಹಣಕ್ಕೂ ಎರಡು ಬಾಟಲಿ ವಿಸ್ಕಿಗೂ ಅದನ್ನು ಮಾರಿಬಿಟ್ಟರಂತೆ. ನಮ್ಮ ಕಡೆ ಎಷ್ಟೋ ಜಮೀನು ಕೈಬಿಟ್ಟಿದ್ದೂ ಹೀಗೇ ಅಲ್ವಾ?

ಕೊಂಡವನ ಹೆಸರು ಆಡಾಲ್ಫ್ ದಾಸ್ಲರ್. ಮನೆಯಲ್ಲಿ ಕರೆಯುತ್ತಿದ್ದದ್ದು ಆಡಿ. ಎರಡೂ ಸೇರಿ 1949ರಲ್ಲಿ ಕಂಪನಿಯ ಹೆಸರಾಯಿತು. ನಮ್ಮ ಹುಡುಗರು ಬೋರ್ಡು ನೋಡಿ 'ಅಡಿದಾಸ್' ಅಂತ ಓದುತ್ತಾರೆ. ನನಗೆ ಅದೇ ಚೆನ್ನಾಗಿ ಕೇಳುತ್ತದೆ. ಅಡಿ ಅಂದರೆ ಪಾದ. ಪಾದದ ಸೇವೆಗೆ ನಿಂತವನು ಅಡಿದಾಸ. ಹರಿದಾಸ ಶ್ರೀಪಾದರಾಜರ ಊರಿನವರು ನೀವು. ದಾಸ ಅನ್ನುವ ಪದವನ್ನು ನಿಮಗೆ ನಾನು ಬಿಡಿಸಿ ಹೇಳಬೇಕೆ?

ಈ ದಾಸ ಕೆಲಸ ಶುರು ಮಾಡಿದ್ದು ಅವನ ತಾಯಿ ಊರವರ ಬಟ್ಟೆ ಒಗೆಯುತ್ತಿದ್ದ ಕೋಣೆಯಲ್ಲಿ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಚರ್ಮ ಸಿಗುತ್ತಿರಲಿಲ್ಲ, ಕರೆಂಟು ನೆಚ್ಚುವಂತಿರಲಿಲ್ಲ. ಸೈನ್ಯದವರು ಬಿಟ್ಟುಹೋದ ಚೀಲ, ಹೆಲ್ಮೆಟ್ಟುಗಳಿಂದ ಚರ್ಮ, ಬಟ್ಟೆ ಕತ್ತರಿಸಿಕೊಂಡ. ಸೈಕಲ್ ಪೆಡಲ್ ತುಳಿದು ಮೆಷಿನ್ ಓಡಿಸಿದ. ಅಣ್ಣ ರುಡಾಲ್ಫ್ ಜೊತೆಗೂಡಿ 1924ರಲ್ಲಿ ಇಬ್ಬರ ಹೆಸರಿನಲ್ಲಿ ಕಾರ್ಖಾನೆ ಆಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜೆಸ್ಸಿ ಓವೆನ್ಸ್ 4 ಚಿನ್ನ ಗೆದ್ದಾಗ ಅವನ ಕಾಲಿನಲ್ಲಿ ಇದ್ದದ್ದು ಇವರ ಸ್ಪೈಕ್ಸು, ಅಂದರೆ ತಳದಲ್ಲಿ ಮೊಳೆಯಿರುವ ಓಟದ ಶೂ. ಹಿಟ್ಲರನ ಕಣ್ಣೆದುರು, ಕರಿಯ ಓಟಗಾರನ ಪಾದಕ್ಕೆ. ಹಾಗಂತ ಈ ಅಣ್ಣತಮ್ಮಂದಿರನ್ನು ದೇವರು ಮಾಡುವುದು ಬೇಡ. ಇಬ್ಬರೂ 1933ರಲ್ಲೇ ಹಿಟ್ಲರನ ಪಕ್ಷ ಸೇರಿದ್ದರು. ನಮ್ಮ ಲೇಖನದಲ್ಲಿ ಆ ಮಾತೇ ಬಿಟ್ಟುಹೋಗಿತ್ತು. ನೀವು ಅದಕ್ಕೆ ಬೈದಿದ್ದರೆ ತಲೆ ತಗ್ಗಿಸುತ್ತಿದ್ದೆ. ನೀವು ಬೈದದ್ದು ಗೀಟಿಗೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. 1948ರಲ್ಲಿ ಪಾಲಾಯಿತು. ಅಣ್ಣ ಹೊಳೆಯಾಚೆ ಹೋಗಿ ಪೂಮಾ ಶುರು ಮಾಡಿದ. ಹೆರ್ಝೋಗೆನ್‌ಔರಾಖ್ ಎಂಬ ಆ ಪುಟ್ಟ ಊರೇ ಎರಡು ಭಾಗವಾಯಿತು. ಎದುರು ಬಂದವನ ಮುಖ ನೋಡುವ ಮೊದಲು ಕಾಲು ನೋಡುವ ಊರು ಅಂತ ಅದಕ್ಕೆ ಹೆಸರು ಬಿತ್ತು. ಇಬ್ಬರ ಸಮಾಧಿಯೂ ಒಂದೇ ಸ್ಮಶಾನದ ಎರಡು ತುದಿಯಲ್ಲಿದೆ. ಶ್ರೀನಿವಾಸಪುರದ ಕಡೆ ಮಾವಿನ ತೋಪು ಪಾಲಾದ ಮೇಲೆ ಬದುವಿನ ಮರಕ್ಕೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತಾರಲ್ಲ, ಅಂಥವರಿಗೆ ಈ ಕಥೆ ಪರದೇಶದ್ದು ಅನ್ನಿಸುವುದಿಲ್ಲ.

ನನಗೆ ಇಷ್ಟವಾದ ಭಾಗ 1954ರದು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್. ಹಂಗೆರಿ ಎದುರು ಪಶ್ಚಿಮ ಜರ್ಮನಿ. ಕೆಲವೇ ದಿನಗಳ ಹಿಂದೆ ಇದೇ ಹಂಗೆರಿ ಇವರಿಗೆ 8 ಗೋಲು ಹೊಡೆದಿತ್ತು. ಅವತ್ತು ಮಳೆ, ಮೈದಾನ ಕೆಸರು. ತಂಡದ ಜೊತೆ ಆಡಿ ಇದ್ದ. ಬೂಟಿನ ತಳದಲ್ಲಿ ನೆಲ ಕಚ್ಚಿ ಹಿಡಿಯುವ ಸ್ಟಡ್ಡುಗಳನ್ನು ತಿರುಗಿಸಿ ಬಿಚ್ಚಿ ಬೇರೆ ಹಾಕುವ ಹಾಗೆ ಅವನು ಮಾಡಿದ್ದ. ಕೆಸರಿಗೆ ತಕ್ಕಂತೆ ಉದ್ದನೆಯವನ್ನು ಬಿಗಿದುಕೊಟ್ಟ. 2 ಗೋಲು ಹಿಂದೆ ಬಿದ್ದಿದ್ದ ಜರ್ಮನಿ 3-2ರಲ್ಲಿ ಗೆದ್ದಿತು. (ಅಂಥ ಸ್ಟಡ್ಡು ಮೊದಲು ಮಾಡಿದ್ದು ನಾವೇ ಅಂತ ಹೊಳೆಯಾಚೆಯವರ ತಕರಾರು. ಇರಲಿ.) ವಿಶ್ವಕಪ್ ತಂಡದ ಜೊತೆ ಒಬ್ಬ ಜೋಡು ಹೊಲಿಯುವವನು! ಇದನ್ನು ಓದಿದಾಗಲೆಲ್ಲ ನನಗೆ ಕೋಲಾರದ ಒಬ್ಬ ತಾತ ನೆನಪಾಗುತ್ತಾರೆ.

ಅದಕ್ಕೂ ಮೊದಲು ನಿಮ್ಮ ಬರಿಗಾಲಿನ ಲೆಕ್ಕ ಮುಗಿಸುತ್ತೇನೆ. ಬಿಕಿಲ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿದ್ದು ನಿಜ. ಕಾಲಿಗೆ ಹೊಂದುವ ಜೋಡು ಸಿಕ್ಕಿರಲಿಲ್ಲ, ಅದಕ್ಕೆ. 1964ರಲ್ಲಿ ಟೋಕಿಯೊದಲ್ಲಿ ಶೂ, ಸಾಕ್ಸ್ ಎರಡೂ ಹಾಕಿಕೊಂಡು ಮತ್ತೆ ಚಿನ್ನ ಗೆದ್ದ. ಎಲ್ಲರೂ ಮೊದಲನೇ ಓಟ ನೆನಪಿಟ್ಟುಕೊಂಡು ಎರಡನೆಯದು ಮರೆಯುತ್ತಾರೆ. ಅದೇ ಟೋಕಿಯೊದಲ್ಲಿ ನಮ್ಮ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಕೂಡ ಭಾರತಕ್ಕಾಗಿ ಓಡಿದರು. ಮರುವರ್ಷ ಅರ್ಜುನ ಪ್ರಶಸ್ತಿ ಬಂತು. ನಿಮ್ಮ ಪತ್ರದಲ್ಲಿ ಇಥಿಯೋಪಿಯದವನ ಹೆಸರಿದೆ, ಇವರದಿಲ್ಲ. ಮೇಷ್ಟ್ರಿಗೆ ಅರ್ಧ ಮಾರ್ಕು ಕಳೆದಿದ್ದೇನೆ.

ನಾನೂ ಹೈಸ್ಕೂಲಿನಲ್ಲಿ 800 ಮೀಟರ್ ಓಡುತ್ತಿದ್ದೆ, ಬರಿಗಾಲಲ್ಲೇ. ತಾಲ್ಲೂಕು ಕ್ರೀಡಾಕೂಟದ ದಿನ ಎರಡನೇ ಸುತ್ತಿನಲ್ಲಿ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತು. ಕೀವಾಗಿ ಇಪ್ಪತ್ತು ದಿನ ಕುಂಟಿದೆ. ಬರಿಗಾಲಿನ ವೈಭವ ಅಂದರೆ ನನಗೆ ನೆನಪಾಗುವುದು ಅದೇ. ಆಮೇಲೆ ಚಿಕ್ಕಪ್ಪನ ಹಳೇ ಕ್ಯಾನ್ವಾಸ್ ಶೂ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರ ಬೇವಿನ ಮರದಡಿ ಕೂರುತ್ತಿದ್ದ ತಾತನ ಹತ್ತಿರ ಹೋದೆ. ಉಳಿ, ದಬ್ಬಣ, ಮೇಣ ಸವರಿದ ದಾರ, ಒಂದು ಕಲ್ಲು, ಇಷ್ಟೇ ಅವರ ಅಂಗಡಿ. ತಾತ ಶೂ ನೋಡಲಿಲ್ಲ. "ಅಲ್ಲಿ ತನಕ ಓಡಿ ಬಾ ಮಗ" ಅಂದರು. ಬಂದೆ. "ಎಡಗಾಲು ಒಳಕ್ಕೆ ವಾಲ್ತದೆ ಕಣಪ್ಪ ನಿಂಗೆ." ಹಳೇ ಟೈರು ಕೊಯ್ದು ಅಟ್ಟೆ ಹಾಕಿದರು. ಎಡಗಡೆಯದಕ್ಕೆ ಮಾತ್ರ ಒಳಬದಿಗೆ ಇನ್ನೊಂದು ತೆಳ್ಳನೆ ಪದರ ಸೇರಿಸಿದರು. ಮುಂದಿನ ವರ್ಷ ನಾನು ಎರಡನೇ ಸ್ಥಾನ ಬಂದೆ.

ಆ ಕಾಲದಲ್ಲಿ ನನಗೆ ಆಡಿ ದಾಸ್ಲರ್ ಯಾರೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾಚಿಕೆಯಾಯಿತು. ಯಾಕೆಂದರೆ ಆಡಿಯ ತಾಯಿಯ ಹೆಸರು ಕೂಡ ನನಗೆ ಗೊತ್ತು, ಪೌಲಿನಾ ಅಂತ. ತಾತನ ಹೆಸರು ಗೊತ್ತಿಲ್ಲ. ಕೇಳಲೇ ಇಲ್ಲ. ಎದುರಿನ ಹೋಟೆಲಿನವನು ಅವರಿಗೆ ಹೊರಗಡೆ, ಬೇರೆ ಲೋಟದಲ್ಲಿ ಟೀ ಕೊಡುತ್ತಿದ್ದ. ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ಹರಳಯ್ಯ, ಕಲ್ಯಾಣಮ್ಮನ ಕಥೆಯನ್ನು ನೀವು ಎಷ್ಟು ಸಲ ಪಾಠ ಮಾಡಿರುತ್ತೀರಿ. ಶರಣು ಅಂದಿದ್ದಕ್ಕೆ ಬಸವಣ್ಣ ಶರಣು ಶರಣಾರ್ಥಿ ಅಂದರು. ಆ ಒಂದು ಮಾತು ಜಾಸ್ತಿಯಾಯಿತು, ಋಣವಾಯಿತು ಅಂತ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಜೋಡು ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು. ಮುಂದೆ ಹರಳಯ್ಯನಿಗೆ ಕಲ್ಯಾಣದಲ್ಲಿ ಏನಾಯಿತು ಅನ್ನುವುದೂ ನಿಮಗೆ ಗೊತ್ತು. ಇಂಥ ಕಥೆ ಇರುವ ನಾಡಿನಲ್ಲಿ ಜೋಡು ಹೊಲಿಯುವ ಕೈಯಿಂದ ಒಂದು ಬ್ರ್ಯಾಂಡ್ ಯಾಕೆ ಹುಟ್ಟಲಿಲ್ಲ ಅಂತ ಯೋಚಿಸಿದ್ದೀರಾ? ನಾನು ಆ 4 ಪುಟ ಹಾಕಿದ್ದು ಅದಕ್ಕೆ. ಜರ್ಮನಿಯಲ್ಲೂ ಅವನು ಜೋಡು ಹೊಲಿಯುವವನೇ. ಆದರೆ ಮೈದಾನದೊಳಗೆ ಕರೆದು ಆಟಗಾರರ ಪಕ್ಕ ಕೂರಿಸಿದರು. ನಮ್ಮ ತಾತನನ್ನು ರಸ್ತೆ ಅಗಲ ಮಾಡುವಾಗ ಮರದ ಜೊತೆಗೇ ಎಬ್ಬಿಸಿದರು.

ಇನ್ನು ಮೈದಾನದ ಮಾತು ಎತ್ತಿದರೆ ನನಗೆ ಬಿಪಿ ಏರುತ್ತದೆ. ಹೋದ ತಿಂಗಳು ಒಂದು ಹಳ್ಳಿ ಶಾಲೆಗೆ ಹೋಗಿದ್ದೆ. ಮಕ್ಕಳಿಗೆಲ್ಲ ಹೊಸ ಶೂ ಬಂದಿತ್ತು. ಅರ್ಧ ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಯಾರೂ ಪಾದ ಅಳತೆ ಮಾಡಿರಲಿಲ್ಲ, ಕ್ಲಾಸಿನ ಲೆಕ್ಕದಲ್ಲಿ ತರಿಸಿದ್ದರು. ಆಟದ ಮೈದಾನದಲ್ಲಿ ಯಾರದೋ ಮದುವೆಯ ಶಾಮಿಯಾನ. ಡ್ರಿಲ್ ಪೀರಿಯಡ್ಡಿನಲ್ಲಿ ಗಣಿತ. ಡ್ರಿಲ್ ಮೇಷ್ಟ್ರು ಯಾವುದೋ ಪಟ್ಟಿ ತಯಾರಿಸುವ ಕೆಲಸಕ್ಕೆ ಹೋಗಿದ್ದರು. ಮಕ್ಕಳು ಬರಿಗಾಲಲ್ಲಿ ಓಡುತ್ತಾರೋ ಬೂಟು ಹಾಕಿ ಓಡುತ್ತಾರೋ ಅಂತ ನಾವಿಬ್ಬರೂ ಜಗಳ ಆಡುತ್ತಿದ್ದೇವೆ ಮೇಷ್ಟ್ರೇ. ಅಲ್ಲಿ ಓಡುವುದೇ ನಿಂತುಹೋಗಿದೆ.

ನಿಮ್ಮ ಮೊಮ್ಮಗ ಆ ಶೂ ಹಾಕಿಕೊಂಡು ಓಡುತ್ತಾನೋ, ಫೋಟೋ ತೆಗೆಸಿಕೊಳ್ಳುತ್ತಾನೋ ಮೊದಲು ಕೇಳಿ. ಫೋಟೋಗೆ ಆದರೆ ಸಂತೆಯಲ್ಲಿ ನಾಲ್ಕು ಗೀಟಿನದು ಸಿಗುತ್ತದೆ, ಒಂದು ಗೀಟು ಜಾಸ್ತಿಯೇ ಬಂತು. ಓಡುವುದಕ್ಕೆ ಆದರೆ ಸಂಜೆ ಹೊತ್ತು ಅಂಗಡಿಗೆ ಕರೆದುಕೊಂಡು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ನಿಲ್ಲಿಸಿ ನೋಡಿ, ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. 7,000 ರೂಪಾಯಿಯದೇ ಆಗಬೇಕಿಲ್ಲ. ಬರುವಾಗ ದಾರಿಯಲ್ಲಿ ಜೋಡು ಹೊಲಿಯುವವರು ಯಾರಾದರೂ ಕೂತಿದ್ದರೆ ಹುಡುಗನ ನಡಿಗೆ ಒಮ್ಮೆ ತೋರಿಸಿ. ಅವರ ಹೆಸರು ಕೇಳಿಕೊಂಡು ಬನ್ನಿ.

ಅಂದಹಾಗೆ, ನೀವು ಬರಿಗಾಲಲ್ಲಿ ಓಡಿ ತಂದ ಬಹುಮಾನ ಯಾವುದು, ಎಷ್ಟು ಮೀಟರಿನದು ಅಂತ ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.