ಆಪ್ತಸಲಹೆ ಪ್ರಕರಣ: ‘ಇದು ಬೆಂಗಳೂರಲ್ಲ’ ಎಂಬ ಮಾತು

ಈ ಪ್ರಕರಣದ ಮಹಿಳೆಯನ್ನು ಭಾಗ್ಯವಂತಿ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಕಲಬುರಗಿ ಸೀಮೆಯಲ್ಲಿ ಓಣಿಗೆ ಇಬ್ಬರಿಗಾದರೂ ಇರುವ ಹೆಸರೆಂದು ಆರಿಸಿಕೊಂಡಿದ್ದೇನೆ. ವಯಸ್ಸು, ವಾರ್ಡು, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಪಗಾರದ ಅಂಕಿಗಳನ್ನು ಮಾತ್ರ ಅವರ ಒಪ್ಪಿಗೆ ಪಡೆದು ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣ ನಿಂತಿರುವುದೇ ಆ ಅಂಕಿಗಳ ಮೇಲೆ.

ಭಾಗ್ಯವಂತಿಯವರಿಗೆ 29 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು, ಆರು ವರ್ಷಗಳಿಂದ ಕಲಬುರಗಿಯ ಸುಮಾರು 80 ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ದುಡಿಯುತ್ತಿದ್ದಾರೆ. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ನಾಲ್ಕು ವರ್ಷದ ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವರು ನನ್ನಲ್ಲಿಗೆ ಪಗಾರದ ವಿಷಯ ಹೇಳಿಕೊಳ್ಳಲು ಬಂದವರಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದರೂ ಹಗಲಿನಲ್ಲಿ ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಗಂಡನೊಡನೆ ಜಗಳವಾಗುತ್ತದೆ, ಮಗಳ ಮೇಲೆ ಕೈ ಎತ್ತಿದ ದಿನ ತನ್ನನ್ನು ಕಂಡು ತನಗೇ ಹೆದರಿಕೆಯಾಯಿತು ಎಂದು ಹೇಳಿದರು. ಇದು ಯಾವಾಗಿನಿಂದ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ‘ದೀಪಾವಳಿ ಆದ ಮ್ಯಾಲಿಂದ’ ಎಂದರು.

ದೀಪಾವಳಿಗೆ ಅವರ ಜೊತೆ ಓದಿದ ಗೆಳತಿ ಊರಿಗೆ ಬಂದಿದ್ದಳು. ಒಂದೇ ಕಾಲೇಜು, ಒಂದೇ ವರ್ಷದ ಪದವಿ, ಹೆಚ್ಚುಕಡಿಮೆ ಒಂದೇ ಅನುಭವ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಗೆಳತಿಗೆ ತಿಂಗಳಿಗೆ 28,000 ರೂಪಾಯಿ, ಭಾಗ್ಯವಂತಿಯವರಿಗೆ 15,500. ಹಬ್ಬ ಮುಗಿದ ವಾರವೇ ಇವರು ಧೈರ್ಯ ಮಾಡಿ ಆಡಳಿತದವರಲ್ಲಿ ಪಗಾರ ಹೆಚ್ಚಿಸಲು ಕೇಳಿದರು. ಮ್ಯಾನೇಜರ್ ಸಿಟ್ಟಾಗಲಿಲ್ಲ, ನಕ್ಕರು. ‘ಇದು ಬೆಂಗಳೂರಲ್ಲ. ಇಲ್ಲಿ ಖರ್ಚ್ ಎಷ್ಟದ? ಈ ಊರಿಗೆ ಇಷ್ಟ್ ಪಗಾರ ಸಾಕು’ ಎಂದರಂತೆ. ಆ ನಗುವನ್ನು ಮೂರು ತಿಂಗಳಾದರೂ ಇವರು ಮರೆತಿರಲಿಲ್ಲ. ‘ವೆಂಟಿಲೇಟರ್ ಮ್ಯಾಲಿನ ಪೇಶಂಟ್ ಅಲ್ಲಿನೂ ಅದೇ, ಇಲ್ಲಿನೂ ಅದೇ ಅಲ್ರಿ ಮೇಡಂ. ನಾ ಒಬ್ಬಾಕಿ ಹ್ಯಾಂಗ ಅರ್ಧ ಆದೆ?’ ಎಂದು ಕೇಳಿದಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ಎಷ್ಟೋ ಸಲ ತನ್ನೊಳಗೇ ಕೇಳಿಕೊಂಡು ಸವೆದುಹೋದ ಪ್ರಶ್ನೆಯಂತೆ ಅದು ಹೊರಬಂತು.

ಈ ಭಾಗದಲ್ಲಿ ನರ್ಸುಗಳ ಜೊತೆ ಕೆಲಸ ಮಾಡುವವರಿಗೆ ಈ ಹೋಲಿಕೆಯ ಸರಪಳಿ ಹೊಸದಲ್ಲ. ಯಾದಗಿರಿಯಿಂದ ಬಂದವರು ಕಲಬುರಗಿಯ ಪಗಾರ ಹೇಳುತ್ತಾರೆ, ಕಲಬುರಗಿಯವರು ಬೆಂಗಳೂರು ಪುಣೆಗಳದ್ದು, ಬೀದರದವರು ಹೈದರಾಬಾದಿನದು. ಬೆಂಗಳೂರಿನ ಗೆಳತಿಯೂ ಕೊಲ್ಲಿ ರಾಷ್ಟ್ರಗಳಿಗೆ ಹೋದ ಯಾರದ್ದೋ ಪಗಾರ ನೆನೆದು ನಿಟ್ಟುಸಿರು ಬಿಡುತ್ತಿರಬಹುದು.

ಎರಡನೆಯ ಭೇಟಿಗೆ ಬರುವಾಗ ಮನೆಯ ಲೆಕ್ಕ ಬರೆದು ತರಲು ಹೇಳಿದ್ದೆ. ಮಗಳ ಚಿತ್ರದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ತಂದಿದ್ದರು. ಐಸಿಯುವಿನಲ್ಲಿ ರೋಗಿಯ ದೇಹಕ್ಕೆ ಹೋದ ನೀರು, ಹೊರಬಂದ ನೀರು ಬರೆಯುವ ಚಾರ್ಟಿನಂತೆಯೇ ಸ್ಕೇಲು ಹಿಡಿದು ಗೆರೆ ಎಳೆದು, ಒಂದು ಕಡೆ ‘ಇನ್‌ಟೇಕ್’, ಇನ್ನೊಂದು ಕಡೆ ‘ಔಟ್‌ಪುಟ್’ ಎಂದು ತಲೆಬರಹ ಕೊಟ್ಟಿದ್ದರು. ತಮಾಷೆಗಲ್ಲ, ಅವರಿಗೆ ಗೊತ್ತಿದ್ದ ಲೆಕ್ಕದ ರೀತಿಯೇ ಅದು. ಹಾಳೆಯ ಇನ್ನೊಂದು ಮಗ್ಗುಲಲ್ಲಿ ಹಳದಿ ಬಣ್ಣದ ಆನೆಯೊಂದಿತ್ತು.

ಬೆಂಗಳೂರಿಗೆ ಒಬ್ಬರೇ ಹೋದರೆ ಹೇಗೆ ಎಂದು ಕೂತು ಲೆಕ್ಕ ಹಾಕಿದೆವು. 28,000ದಲ್ಲಿ ಪಿಎಫ್ (ಭವಿಷ್ಯನಿಧಿ) 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 26,000. ಊಟ ಸೇರಿ ಪಿಜಿಗೆ 9,000, ತಿಂಗಳಿಗೊಮ್ಮೆ ಮಗಳನ್ನು ನೋಡಲು ಬಂದುಹೋಗುವ ರೈಲು ಮತ್ತು ದಾರಿ ಖರ್ಚಿಗೆ 1,500, ಬೇರೆ ಚಿಲ್ಲರೆ ಖರ್ಚಿಗೆ 1,500. ಉಳಿಯುವುದು 14,000. ಇಲ್ಲಿ 15,500ದಲ್ಲಿ ಅವರ ಊಟ, ರಾತ್ರಿ ಪಾಳಿಯ ಆಟೊ ಇತ್ಯಾದಿಗೆ 3,000 ತೆಗೆದರೆ 12,500. ಹನ್ನೆರಡೂವರೆ ಸಾವಿರದ ಅಂತರ ಒಂದೂವರೆ ಸಾವಿರಕ್ಕೆ ಇಳಿಯಿತು. ಸಂಸಾರ ಸಮೇತ ಹೋಗುವುದಾದರೆ ಗಂಡನ ಕೆಲಸ ಬಿಡಬೇಕು, ಅಡ್ವಾನ್ಸ್ ಕಟ್ಟಿ ಮನೆ ಹಿಡಿಯಬೇಕು, ಅತ್ತೆ ಬರದಿದ್ದರೆ ಮಗುವಿಗೆ ಬೇರೆ ವ್ಯವಸ್ಥೆ ಆಗಬೇಕು. ಆ ಲೆಕ್ಕ ಅರ್ಧಕ್ಕೇ ನಿಂತಿತು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ‘ನೋಡಿ, ಪಗಾರದ ಅಂಕಿ ನೋಡಬಾರದು, ಕೈಯಲ್ಲಿ ಉಳಿಯುವುದನ್ನು ನೋಡಬೇಕು’ ಎಂದು, ಗಂಟೊಂದನ್ನು ಬಿಡಿಸಿದ ಸಮಾಧಾನದಲ್ಲಿ ಹೇಳಿದೆ. ಅವರು ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ‘ನೀವೂ ನಮ್ಮ ಮ್ಯಾನೇಜರ್ ಹಂಗೇ ಮಾತಾಡ್ಲತ್ತೀರಲ್ರಿ ಮೇಡಂ’ ಎಂದರು. ಅದು ನಿಜವಾಗಿತ್ತು. ಹೋಗಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ; ಇಲ್ಲಿ ಸಿಗುತ್ತಿರುವ ಪಗಾರ ನ್ಯಾಯವೋ ಅಲ್ಲವೋ ಎಂಬುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದರ ಬಾಯಿ ಮುಚ್ಚಿಸಲು ನಾನು ಬಳಸಿದ್ದೆ. ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ: ಗೆಳತಿಯ ಪಗಾರದಲ್ಲಿ ಹಿಡಿಯುವ 1,800 ಆಕೆಯ ಉಳಿತಾಯವೇ, ಅದರ ಮೇಲೆ ಮಾಲೀಕರು ಅಷ್ಟೇ ಮೊತ್ತ ಸೇರಿಸುತ್ತಾರೆ. ಭಾಗ್ಯವಂತಿಯವರಿಗೆ ಪಿಎಫ್ ಇರಲಿಲ್ಲ, ನೌಕರರ ಆರೋಗ್ಯ ವಿಮೆಯ ಇಎಸ್‌ಐ ಕಾರ್ಡೂ ಇರಲಿಲ್ಲ, ಪಗಾರದ ಚೀಟಿಯನ್ನು ಆರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಹಾಗಾಗಿ ನಿಜವಾದ ಅಂತರ ಒಂದೂವರೆ ಸಾವಿರವಲ್ಲ, 5,100.

ಮುಂದಿನ ಭೇಟಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸಿದೆ. ಮ್ಯಾನೇಜರ್ ಹೇಳಿದ ಮಾತನ್ನು ಬೈಗುಳವೆಂದು ಎಣಿಸದೆ ಒಂದು ವಾದವೆಂದು ತೆಗೆದುಕೊಂಡು ಅಳೆದು ನೋಡೋಣ ಎಂದೆ. ಕಲಬುರಗಿಯಲ್ಲಿ ಅಗ್ಗವಾಗಿರುವುದು ಯಾವುದು? ಮನೆಬಾಡಿಗೆ ನಿಸ್ಸಂದೇಹವಾಗಿ ಕಡಿಮೆ, ಓಡಾಟದ ಖರ್ಚೂ ಕಡಿಮೆ. ಆದರೆ ಗ್ಯಾಸ್ ಸಿಲಿಂಡರ್, ಅಡುಗೆ ಎಣ್ಣೆ, ಔಷಧ, ಮೊಬೈಲ್ ರೀಚಾರ್ಜ್, ಬಂಗಾರ ಇವುಗಳ ಬೆಲೆ ಊರಿನಿಂದ ಊರಿಗೆ ಹೆಚ್ಚೇನೂ ಬದಲಾಗುವುದಿಲ್ಲ. ತೊಗರಿಯ ಕಣಜವೆನಿಸಿದ ನಾಡಿನಲ್ಲೂ ಅಂಗಡಿಯ ತೊಗರಿಬೇಳೆ ತುಟ್ಟಿಯೇ. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ನೈಟ್ ಡ್ಯೂಟಿಯವರು ಹಗಲು ಮಲಗಲಾಗದು, ಅದು ಬೆಂಗಳೂರಿನಲ್ಲಿರುವವರಿಗೆ ಅಷ್ಟಾಗಿ ಇಲ್ಲದ ಖರ್ಚು.

ಊರಿನಿಂದ ಊರಿಗೆ ಬದುಕಿನ ವೆಚ್ಚ ಎಷ್ಟು ಬದಲಾಗುತ್ತದೆಂದು ಅಳೆಯಲು ಸರ್ಕಾರಗಳೇ ಇಟ್ಟುಕೊಂಡ ಒಂದು ಅಳತೆಗೋಲಿದೆ. ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದಾಗ ಅತ್ಯಂತ ಕೆಳಹಂತದ ನೌಕರರ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಆ ಮೂಲ ವೇತನ ಬೆಂಗಳೂರಿನಲ್ಲಿ ದುಡಿದರೂ ಒಂದೇ, ಯಾದಗಿರಿಯಲ್ಲಿ ದುಡಿದರೂ ಒಂದೇ. ತುಟ್ಟಿಭತ್ಯೆಯೂ ಎಲ್ಲೆಡೆ ಒಂದೇ ದರ. ಮುಖ್ಯವಾಗಿ ಬದಲಾಗುವುದು ಮನೆಬಾಡಿಗೆ ಭತ್ಯೆ: ಬೆಂಗಳೂರಿಗೆ ಶೇಕಡ 20, ಕಲಬುರಗಿಯಂಥ ನಗರಗಳಿಗೆ 15, ಯಾದಗಿರಿಯಂಥ ಊರುಗಳಿಗೆ 7.5. ಅಂದರೆ 27,000ದ ಮೇಲೆ ಕ್ರಮವಾಗಿ 5,400, 4,050 ಮತ್ತು 2,025. ಕೇಂದ್ರದ ಲೆಕ್ಕ ಇನ್ನೂ ಹತ್ತಿರದ್ದು, ಏಕೆಂದರೆ ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಕೇಂದ್ರದ ವೇತನ ಶ್ರೇಣಿಯ ನರ್ಸಿಂಗ್ ಆಫೀಸರುಗಳಿದ್ದಾರೆ. ಅವರ ಆರಂಭದ ಮೂಲ ವೇತನ 44,900. ಬೆಂಗಳೂರಿಗೆ ಶೇಕಡ 30ರಂತೆ 13,470, ಕಲಬುರಗಿಗೆ 20ರಂತೆ 8,980 ಮನೆಬಾಡಿಗೆ ಭತ್ಯೆ. ಸಾರಿಗೆ ಭತ್ಯೆಯಲ್ಲಿ 1,800 ಮತ್ತು ಅದರ ಮೇಲಿನ ತುಟ್ಟಿಭತ್ಯೆಯಷ್ಟು ವ್ಯತ್ಯಾಸ. ಎಲ್ಲ ಸೇರಿದರೂ ಎರಡು ಊರುಗಳ ನಡುವಿನ ಅಂತರ ಮೂಲ ವೇತನದ ಶೇಕಡ 15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗೆಳತಿಯ 28,000ದಲ್ಲಿ ಊರಿನ ವ್ಯತ್ಯಾಸವೆಂದು ಶೇಕಡ 15 ಕಳೆದರೂ 23,800 ಉಳಿಯಬೇಕಿತ್ತು. ಅಲ್ಲಿಂದ 15,500ರವರೆಗಿನ ಇಳಿತಕ್ಕೆ ಕಲಬುರಗಿಯ ಬಾಡಿಗೆ ಕಾರಣವಲ್ಲ. ಅನುಭವದ ಪತ್ರ ಸಿಕ್ಕರೆ ಸಾಕೆಂದು ಎಷ್ಟು ಕೊಟ್ಟರೂ ದುಡಿಯಲು ಬರುವ ಹೊಸ ಪದವೀಧರರು, ಊರು ಬಿಟ್ಟು ಹೋಗಲಾಗದ ಸಂಸಾರವಂದಿಗ ಹೆಣ್ಣುಮಕ್ಕಳು, ಕೇಳುವವರಿಲ್ಲವೆಂಬ ಧೈರ್ಯ, ಇವೇ ಕಾರಣಗಳೆಂದು ನನಗನ್ನಿಸುತ್ತದೆ.

ಭಾಗ್ಯವಂತಿಯವರು 23,800 ಎಂಬ ಅಂಕಿಯನ್ನು ಹಾಳೆಯಲ್ಲಿ ಬರೆದುಕೊಂಡು ಅದರ ಸುತ್ತ ಗೋಲ ಹಾಕಿದರು. ಅದು ಅವರಿಗೆ ಸಿಗುವ ಹಣವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ‘ಅಂದ್ರ ನಾ ಹುಚ್ಚಿ ಹಂಗ ಕೇಳಿದ್ದಲ್ಲ’ ಎಂದರು. ಅವರ ನಿದ್ದೆ ಕೆಟ್ಟಿದ್ದಕ್ಕೆ ಹಣದ ಕೊರತೆಗಿಂತ, ತಾನು ಕೇಳಿದ್ದೇ ತಪ್ಪೇನೋ ಎಂಬ ನಾಚಿಕೆ ಹೆಚ್ಚು ಕಾರಣವಾಗಿತ್ತೆಂದು ನನಗೆ ಆಗ ತಿಳಿಯಿತು.

ಅವರಿಗೆ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಪಗಾರ ಹೆಚ್ಚಿಸಿ ಎಂದು ಕೇಳುವ ಮೊದಲು ನೇಮಕಾತಿ ಪತ್ರ ಮತ್ತು ಪಗಾರದ ಚೀಟಿ ಕೇಳಬೇಕೆಂಬುದು. ಬಾಯಿಮಾತಿನ ಪಗಾರದ ಮೇಲೆ ಯಾವ ವಾದವೂ ನಿಲ್ಲುವುದಿಲ್ಲ. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ಇಎಸ್‌ಐ 21,000ದವರೆಗಿನ ಪಗಾರದವರಿಗೆ ಇರುವ ಸೌಲಭ್ಯ, ಅದರಿಂದ ಇಡೀ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ಇವು ಹಕ್ಕಿನ ಮಾತುಗಳಾದ್ದರಿಂದ ಕೇಳಲು ಸಂಕೋಚ ಬೇಡ, ಆದರೆ ಒಬ್ಬರೇ ಹೋಗಬೇಡಿ, ಐಸಿಯುವಿನ ಇನ್ನೂ ಇಬ್ಬರು ಮೂವರು ಜೊತೆಗಿರಲಿ, ಕೇಳಿದ್ದು ಬರಹದಲ್ಲಿರಲಿ ಎಂದೆ. ಎರಡನೆಯದು ಸುಪ್ರೀಂ ಕೋರ್ಟಿನ 2016ರ ಆದೇಶದ ಮೇರೆಗೆ ಕೇಂದ್ರ ರಚಿಸಿದ ಸಮಿತಿಯ ಶಿಫಾರಸು: 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸುಗಳ ವೇತನ ಸರ್ಕಾರಿ ನರ್ಸುಗಳಿಗೆ ಸಮನಾಗಿರಬೇಕು, 100ರಿಂದ 200ರವರೆಗಾದರೆ ಶೇಕಡ 10ಕ್ಕಿಂತ, 50ರಿಂದ 100ರವರೆಗಾದರೆ ಶೇಕಡ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಚಿಕ್ಕ ಆಸ್ಪತ್ರೆಯಲ್ಲೂ 20,000ಕ್ಕಿಂತ ಕೆಳಗಿಳಿಯಬಾರದು. ಈ ಪಟ್ಟಿ ಅಳೆಯುವುದು ಹಾಸಿಗೆಗಳನ್ನು, ಊರನ್ನಲ್ಲ. ಆದರೆ ಇದು ಶಿಫಾರಸು. ಆರೋಗ್ಯ ರಾಜ್ಯದ ವಿಷಯವಾದ್ದರಿಂದ ಜಾರಿಗೆ ತರಬೇಕಾದದ್ದು ರಾಜ್ಯ ಸರ್ಕಾರ. ಆದ್ದರಿಂದ ಇದನ್ನು ಬೆದರಿಕೆಯಂತೆ ಮುಂದಿಡಬಾರದು, ಆಧಾರವೆಂದು ತೋರಿಸಬಹುದು ಎಂದು ಎಚ್ಚರಿಸಿದೆ.

ಸರ್ಕಾರಿ ಹುದ್ದೆಯ ಆಸೆಯನ್ನು ಅವರು ಮದುವೆಯಾದ ಮೇಲೆ ಕೈಬಿಟ್ಟಿದ್ದರು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇಕಡ 80ರಷ್ಟು ಈ ಭಾಗದವರಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಅವರು ಇನ್ನೂ ಮಾಡಿಸಿಯೇ ಇರಲಿಲ್ಲ. ಅಧಿಸೂಚನೆ ಬಂದ ಮೇಲೆ ಓಡಾಡುವ ಬದಲು ಈಗಲೇ ಮಾಡಿಸಿಡಿ ಎಂದೆ. ಇಎಸ್‌ಐ ನಿಗಮದ ಪರೀಕ್ಷೆ ಬೇರೆ. 2024ರಲ್ಲಿ ಅದು ಯುಪಿಎಸ್‌ಸಿ ಮೂಲಕ 1,930 ಹುದ್ದೆಗಳಿಗೆ ನಡೆಯಿತು. ಅಲ್ಲಿ 371(ಜೆ) ನೆರವಿಗೆ ಬರುವುದಿಲ್ಲ, ದೇಶದ ಯಾವ ಮೂಲೆಗಾದರೂ ಹೋಗಬೇಕಾದೀತು ಎಂಬುದನ್ನೂ ತಿಳಿಸಿದೆ.

ನಿದ್ದೆಯ ವಿಷಯದಲ್ಲಿ ನೈಟ್ ಮುಗಿದ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಯಾರೂ ಎಬ್ಬಿಸಬಾರದೆಂದು ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಲು ಹೇಳಿದೆ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ತಿಳಿಸಿದೆ. ಗಂಡ ಒಂದು ಸಲ ಬಂದರು. ಹೆಚ್ಚು ಮಾತಾಡಲಿಲ್ಲ. ಹೆಂಡತಿ ಬೆಂಗಳೂರಿನ ಮಾತೆತ್ತಿದಾಗಲೆಲ್ಲ ತನ್ನ ದುಡಿಮೆ ಸಾಲದೆಂದು ಹೇಳುತ್ತಿದ್ದಾಳೆಂದೇ ತಿಳಿದಿದ್ದೆ ಎಂದು ಹೋಗುವ ಮುಂಚೆ ಹೇಳಿದರು. ಪಗಾರದ ಮಾತು ಡ್ಯೂಟಿಯಿಂದ ಬಂದ ಕೂಡಲೇ ಬೇಡ, ಇಬ್ಬರಿಗೂ ಬಿಡುವಿರುವ ದಿನ ಆ ಹಾಳೆಯನ್ನು ಮುಂದಿಟ್ಟುಕೊಂಡೇ ಆಗಲಿ ಎಂದು ಇಬ್ಬರೂ ಒಪ್ಪಿದರು.

ನಾಲ್ವರು ನರ್ಸುಗಳು ಸೇರಿ ಬರೆದ ಪತ್ರಕ್ಕೆ ಆಸ್ಪತ್ರೆಯವರು ಎರಡು ತಿಂಗಳು ಉತ್ತರಿಸಲಿಲ್ಲ. ಮೂರನೆಯ ತಿಂಗಳು ಐಸಿಯುವಿನವರ ಪಗಾರವನ್ನು 17,000 ಮಾಡಿ, ಮೊದಲ ಬಾರಿಗೆ ಚೀಟಿ ಕೊಟ್ಟರು. ಮೂಲ ವೇತನ 15,000, ಮನೆಬಾಡಿಗೆ ಭತ್ಯೆ 2,000. ಕಡಿತದಲ್ಲಿ ಪಿಎಫ್ 1,800, ಇಎಸ್‌ಐ 128. ಕೈಗೆ ಬಂದದ್ದು 15,072. ‘ಪಗಾರ ಹೆಚ್ಚಾಯ್ತು ಅಂದಿ, ಬ್ಯಾಂಕಿಗಿ ಕಡಿಮಿ ಬಂದದಲ್ಲ?’ ಎಂದು ಗಂಡ ಕೇಳಿದರಂತೆ. ಮಾಲೀಕರು ಸೇರಿಸುವ 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್ ಖಾತೆಗೆ ಹೋಗುತ್ತದೆಂದು ಇವರೇ ಬಿಡಿಸಿ ಹೇಳಿದ್ದಾರೆ.

ಆ ಚೀಟಿಯನ್ನು ಕೊನೆಯ ಭೇಟಿಗೆ ತಂದಿದ್ದರು. ಮನೆಬಾಡಿಗೆ ಭತ್ಯೆಯ ಸಾಲಿನ ಮೇಲೆ ಬೆರಳಿಟ್ಟು, ‘ಸರ್ಕಾರದ್ ಲೆಕ್ಕದಾಗ ಹದಿನೈದು ಪರ್ಸೆಂಟ್ ಆದ್ರ ಎರಡು ಸಾವಿರದ ಎರಡನೂರಾ ಐವತ್ತು ಆಗಬೇಕಿತ್ತಲ್ರಿ ಮೇಡಂ, ಇನ್ನೂರಾ ಐವತ್ತು ಕಡಿಮಿ ಹಾಕ್ಯಾರ’ ಎಂದರು. ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗಿದೆ. ನಿದ್ದೆ ಈಗ ನಾಲ್ಕು ತಾಸು ಬರುತ್ತದೆ, ಕೆಲವು ದಿನ ಅದೂ ಇಲ್ಲ. ಬೆಂಗಳೂರಿನ ಗೆಳತಿ ಇನ್ನೂ ಫೋನ್ ಮಾಡುತ್ತಾಳೆ. ಹೋದ ವಾರ ಆಕೆಗೂ ಇನ್‌ಟೇಕ್ ಔಟ್‌ಪುಟ್ ಗೆರೆ ಎಳೆದು ಲೆಕ್ಕ ಬರೆಯಲು ಹೇಳಿದರಂತೆ.